ಎಂಟು ಕಣ್ಣಿನ ತಟ್ಟೆ

ತಟ್ಟೆ ಅಂಗೈಯಗಲದ್ದು. ಅದರಲ್ಲಿ ಎಂಟು ಕುಳಿ, ಒಂದೊಂದರಲ್ಲೂ ಒಂದೊಂದು ಪ್ರಾಣಿಯ ಜೀವಕೋಶಗಳು: ಮನುಷ್ಯ, ಆಕಳು, ಎಮ್ಮೆ, ಕುರಿ, ಹಂದಿ, ಕೋಳಿ, ನಾಯಿ, ಕುದುರೆ. ರಕ್ತದ ಹನಿಯೊಂದನ್ನು ಕುಳಿಗೆ ಬಿಟ್ಟು ನಲವತ್ತು ನಿಮಿಷ ಕಾದರೆ ಸಾಕು. ರಕ್ತದಲ್ಲಿ ರೋಗಾಣುವಿದ್ದರೆ ಕುಳಿ ಹಸಿರಾಗಿ ಬೆಳಗುತ್ತಿತ್ತು, ಇಲ್ಲದಿದ್ದರೆ ಕಪ್ಪಗೇ ಉಳಿಯುತ್ತಿತ್ತು. ಸರಕಾರಿ ಕಾಗದದಲ್ಲಿ ಇದಕ್ಕೆ ಅರ್ಧ ಸಾಲು ತಿನ್ನುವಷ್ಟು ಉದ್ದದ ಹೆಸರಿತ್ತು. ವಿಜಯಪುರದ ಸಂಯುಕ್ತ ರೋಗಪತ್ತೆ ಕೇಂದ್ರದವರು ಮಾತ್ರ ಕುಳಿಗಳನ್ನು ಕಣ್ಣೆಂದೂ ಅದನ್ನು ಎಂಟು ಕಣ್ಣಿನ ತಟ್ಟೆ ಎಂದೂ ಕರೆಯುತ್ತಿದ್ದರು.

ತಟ್ಟೆಯ ಹಿಂದಿನ ವಿಚಾರ ಸರಳವಾಗಿತ್ತು. ದೇಹಕ್ಕೆ ರೋಗಾಣು ಇಡಿಯಾಗಿ ಕಾಣುವುದಿಲ್ಲ. ಜೀವಕೋಶಗಳ ಮೈಮೇಲೆ ಗ್ರಾಹಕಗಳೆಂಬ ಪುಟ್ಟ ಅಣುಗಳಿರುತ್ತವೆ. ಅವು ರೋಗಾಣುವಿನ ಹೊದಿಕೆಯ ಕೊಬ್ಬನ್ನೋ, ಅದರ ಬಾಲದ ಪ್ರೋಟೀನನ್ನೋ ತಡವಿ ನೋಡಿ, ಇದು ಹೊರಗಿನದು ಎಂದು ಕೂಗೆಬ್ಬಿಸುತ್ತವೆ. ನಾವು ಜ್ವರ ಎನ್ನುವುದು ಆ ಕೂಗಿನ ಫಲವೇ. ಹಳೆಯ ಪರೀಕ್ಷೆಗಳು ಪಟ್ಟಿಯಲ್ಲಿ ಹೆಸರಿದ್ದ ರೋಗಾಣುವನ್ನಷ್ಟೇ ಹುಡುಕುತ್ತಿದ್ದವು, ಹೊಸದು ಬಂದರೆ ಕೈಚೆಲ್ಲುತ್ತಿದ್ದವು. ತಟ್ಟೆಗೆ ರೋಗಾಣುವಿನ ಹೆಸರು ಬೇಕಿರಲಿಲ್ಲ. ಜೀವಕೋಶ ಕೂಗಿತೋ ಇಲ್ಲವೋ, ಅಷ್ಟೇ ಅದರ ಲೆಕ್ಕ. ಹೀಗಾಗಿ ಆರೇ ವರ್ಷದಲ್ಲಿ ಅದು ಎಲ್ಲ ಜಿಲ್ಲೆಗಳಿಗೂ ಬಂತು, ಹಳೆಯ ಯಂತ್ರಗಳು ಮೂಲೆ ಸೇರಿ ಧೂಳು ತಿಂದವು.

ತಟ್ಟೆಯೊಂದಿಗೆ ಬಂದ ಕೈಪಿಡಿಯಲ್ಲಿ ಒಂದು ನಿಯಮವಿತ್ತು. ಆಯಾ ಪ್ರಾಣಿಯ ರಕ್ತ ಆಯಾ ಪ್ರಾಣಿಯ ಕಣ್ಣಿಗೆ. ಕೋಳಿಯ ರಕ್ತವನ್ನು ಹಂದಿಯ ಕಣ್ಣಿಗೆ ಹಾಕಿ ಯಾರಿಗೇನು ಲಾಭ? ಒಂದು ತಟ್ಟೆಯಲ್ಲಿ ಎಂಟು ಪ್ರಾಣಿಗಳ ಕೆಲಸ ಮುಗಿಯುತ್ತಿತ್ತು. ಈ ನಿಯಮವನ್ನು ಪ್ರಶ್ನಿಸಬೇಕೆಂದು ಕೇಂದ್ರದ ಹಿರಿಯ ಸೂಕ್ಷ್ಮಜೀವಿ ತಜ್ಞೆ ದಾನಮ್ಮ ಹೂಗಾರಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವಳು ಕೈಪಿಡಿಯನ್ನು ಅಕ್ಷರಶಃ ಪಾಲಿಸುವವಳು. ಸಹೋದ್ಯೋಗಿಗಳು ಇದಕ್ಕೆ ಅವಳನ್ನು ಛೇಡಿಸುತ್ತಿದ್ದರು, ಕಷ್ಟದ ಮಾದರಿ ಬಂದಾಗ ಅವಳ ಮೇಜಿಗೇ ತಂದಿಡುತ್ತಿದ್ದರು.

ಆ ಚಳಿಗಾಲದಲ್ಲಿ ಊರಲ್ಲಿ ಜನ ವಿಚಿತ್ರವಾಗಿ ಸಾಯತೊಡಗಿದರು. ಒಬ್ಬ ಕ್ಷೌರದ ಕುರ್ಚಿಯಲ್ಲಿ ಕುಳಿತಲ್ಲೇ ಹೋದ. ಒಬ್ಬಾಕೆ ಬಾಳೆಹಣ್ಣು ಚೌಕಾಸಿ ಮಾಡುತ್ತ ನಿಂತಿದ್ದವಳು ಕುಸಿದಳು. ಎರಡು ತಿಂಗಳಲ್ಲಿ ಒಂಬತ್ತು ಜನ. ಯಾರಿಗೂ ಜ್ವರ ಬಂದಿರಲಿಲ್ಲ, ಒಬ್ಬರೂ ಮೈಗೆ ಹುಷಾರಿಲ್ಲ ಎಂದವರಲ್ಲ. ಸತ್ತ ಮೇಲೆ ನೋಡಿದರೆ ರಕ್ತದ ತುಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯಾ.

ಅದೇ ಹೊತ್ತಿಗೆ ಟಾಂಗಾ ಕುದುರೆಗಳಿಗೆ ಜ್ವರ ಹತ್ತಿತ್ತು. ಕೋಟೆಯೊಳಗೆ ಎಂಜಿನ್ ಗಾಡಿಗಳನ್ನು ನಿಷೇಧಿಸಿದ ಮೇಲೆ ಟಾಂಗಾಗಳು ಮತ್ತೆ ಬಂದಿದ್ದವು. ಈಗ ಊರಲ್ಲಿ ಅರವತ್ತಮೂರು ಕುದುರೆ. ದಾನಮ್ಮ ಎಲ್ಲದರ ರಕ್ತ ತರಿಸಿ ಕುದುರೆಯ ಕಣ್ಣಿಗೆ ಹಾಕಿದಳು. ನಲವತ್ತೊಂದು ಬೆಳಗಿದವು. ಟಾಂಗಾದವರು, ಅವರ ಮನೆಯವರು, ಸತ್ತವರ ಬಂಧುಗಳು ಎಲ್ಲ ಸೇರಿ ನಾನೂರು ಜನರ ರಕ್ತವನ್ನು ಮನುಷ್ಯನ ಕಣ್ಣಿಗೆ ಹಾಕಿದಳು. ಒಂದೂ ಬೆಳಗಲಿಲ್ಲ. ಸತ್ತವರ ರಕ್ತ ಅವಳಲ್ಲಿಗೆ ಬರಲೇ ಇಲ್ಲ, ಏಕೆಂದರೆ ತಟ್ಟೆ ಇದ್ದದ್ದು ಬದುಕಿರುವವರಿಗಾಗಿ. ತಜ್ಞರ ಸಮಿತಿ ಕೂತು, ರೋಗಾಣು ಕುದುರೆಯಿಂದ ಮನುಷ್ಯನಿಗೆ ಹಾರಿ ಒಂದೆರಡು ಗಂಟೆಯಲ್ಲೇ ಕೊಲ್ಲುತ್ತದೆ, ಜ್ವರ ಬರುವುದಕ್ಕೂ ಪುರಸತ್ತು ಸಿಗುವುದಿಲ್ಲ ಎಂದು ತೀರ್ಮಾನಿಸಿತು. ಸೋಂಕಿನ ಮೂಲ ಕುದುರೆ, ಮನುಷ್ಯರಲ್ಲಿ ಸೋಂಕಿಲ್ಲ ಎಂದು ಬರೆದ ವರದಿಗೆ ದಾನಮ್ಮ ಸಹಿ ಮಾಡಿದಳು.

ಆದೇಶ ಹೊರಟಿತು. ಹದಿನೆಂಟನೇ ತಾರೀಖು ಶನಿವಾರದೊಳಗೆ ಊರಿನ ಅಷ್ಟೂ ಕುದುರೆಗಳನ್ನು ಕೊಲ್ಲಬೇಕು. ಇಬ್ಬರು ಸತ್ತಿದ್ದ ಕರಿಗನಾಳ ಎಂಬ ಸಂತೆಯೂರಿನ ಹನ್ನೊಂದು ಕುದುರೆಗಳಿಗೂ ಅದೇ ಆದೇಶ. ಕುದುರೆ ಎಷ್ಟು ದಿನ ರೋಗಾಣುವನ್ನು ಹೊತ್ತಿರುತ್ತದೆ ಎಂದು ತಿಳಿಯಲು ಒಂದನ್ನು ಮಾತ್ರ ಕೇಂದ್ರದ ಹಿಂದಿನ ಲಾಯದಲ್ಲಿ ಕಟ್ಟಿ ಗಮನಿಸಬೇಕೆಂದರು. ದಾನಮ್ಮ ಗುಲಾಬಿಯನ್ನು ಆರಿಸಿದಳು. ಗುಲಾಬಿ ಟಾಂಗಾದ ಲಾಲಸಾಬ ನದಾಫನ ಹೆಣ್ಣುಕುದುರೆ, ಬೆಳಗಿದ ನಲವತ್ತೊಂದರಲ್ಲಿ ಒಂದು. ಐದು ವರ್ಷದಿಂದ ದಾನಮ್ಮ ಮನೆಯಿಂದ ಕೇಂದ್ರಕ್ಕೆ ಬರುತ್ತಿದ್ದದ್ದು ಅದೇ ಟಾಂಗಾದಲ್ಲಿ. ಎಲ್ಲರಿಗೂ ಅವಳು ಹೇಳಿದ್ದು ಕುದುರೆಯ ವಯಸ್ಸು, ತೂಕ, ಜ್ವರದ ಮಟ್ಟದ ಕಾರಣ. ಗುಲಾಬಿಗೆ ನಾಲ್ಕು ದಿನ ಹೆಚ್ಚು ಆಯುಷ್ಯ ಸಿಗಲಿ ಎಂಬ ಆಸೆ ಅವಳೊಳಗಿತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕುದುರೆಯನ್ನು ತಂದು ಬಿಟ್ಟ ದಿನ ಲಾಲಸಾಬ ಜಗಳ ಮಾಡಲಿಲ್ಲ. ಅರವತ್ತರ ಆಸುಪಾಸಿನ, ಒಣಕಲು ಮೈಯ ಮನುಷ್ಯ. ಗುಲಾಬಿ ಬೇರೆಯವರ ಕೈಯಿಂದ ರೊಟ್ಟಿ ತಿನ್ನುವುದಿಲ್ಲ ಎಂದು ಹೇಳಿ, ಒಂದು ಗಳಿಗೆ ಅಲ್ಲೇ ನಿಂತ. ಹೊರಗಿನವರು ಒಳಗೆ ಬರುವಂತಿಲ್ಲ ಎಂದು ದಾನಮ್ಮ ಹೇಳಿದ್ದಕ್ಕೆ ತಲೆಯಾಡಿಸಿ ಹೋದ.

ಅವನು ಹೇಳಿದ್ದು ಸುಳ್ಳಲ್ಲ. ಟಾಂಗಾದವರಲ್ಲಿ ಒಂದು ರೂಢಿಯುಂಟು. ಜೋಳದ ರೊಟ್ಟಿಯನ್ನು ತಾವು ಮೊದಲು ಒಂದು ಬಾಯಿ ಕಚ್ಚಿ, ಉಳಿದದ್ದನ್ನು ಕುದುರೆಯ ಬಾಯಿಗೆ ಕೊಡುತ್ತಾರೆ. ಮರಿ ಇದ್ದಾಗಿನಿಂದ ಹೀಗೆ ಬೆಳೆಸಿದರೆ ಕುದುರೆ ಇನ್ನೊಬ್ಬರ ಕೈಯ ತುತ್ತು ಮುಟ್ಟುವುದಿಲ್ಲ, ವಿಷ ಹಾಕುವವನಿಗೂ ಕದ್ದೊಯ್ಯುವವನಿಗೂ ಬಗ್ಗುವುದಿಲ್ಲ ಎಂಬುದು ಅವರ ನಂಬಿಕೆ. ಕಚ್ಚದ ರೊಟ್ಟಿಯನ್ನು ಕೊಟ್ಟರೆ ಕುದುರೆಗೆ ಅವಮಾನ ಎಂದೂ ಹೇಳುತ್ತಾರೆ. ಗುಲಾಬಿ ಲಾಯದಲ್ಲಿ ಹುಲ್ಲಷ್ಟೇ ತಿಂದು, ಕಾವಲುಗಾರ ಕೊಟ್ಟ ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿತು.

ಮೂರನೆಯ ದಿನ ಅದರ ಜ್ವರ ಇಳಿಯಿತು. ಐದನೆಯ ದಿನ ರಕ್ತ ನೋಡಿದರೆ ತಟ್ಟೆಯಲ್ಲಿ ಕುದುರೆಯ ಕಣ್ಣು ಕಪ್ಪಗಿತ್ತು. ದಾನಮ್ಮನಿಗೆ ಖುಷಿಯಾಯಿತು. ಔಷಧಿಯಿಲ್ಲದೆ ತಾನಾಗಿ ವಾಸಿಯಾಗುವ ಪ್ರಾಣಿಯನ್ನು ಕೊಲ್ಲುವುದೇಕೆ ಎಂದು ಅವಳು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪ್ರಹ್ಲಾದ ಕಟ್ಟಿಯವರನ್ನು ಕೇಳಿದಳು. ಕಟ್ಟಿಯವರು ಕೆಟ್ಟವರಲ್ಲ. ಒಂಬತ್ತು ಹೆಣಗಳ ನಂತರ ಯಾವ ಅಧಿಕಾರಿಗೂ ಧೈರ್ಯ ಉಳಿದಿರುವುದಿಲ್ಲ. ರೋಗಾಣು ಎಲುಬಿನಲ್ಲೋ ಪಿತ್ತಕೋಶದಲ್ಲೋ ಅಡಗಿ ಕೂತಿರಬಹುದು, ಕಾದು ನೋಡಿರಿ ಎಂದರು. ಕಾಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಬುಧವಾರ ಮುಂಜಾನೆ ಗುಲಾಬಿಗೆ ನೂರಾ ನಾಲ್ಕು ಡಿಗ್ರಿ ಜ್ವರ ಬಂತು, ತಟ್ಟೆಯ ಕಣ್ಣು ಮತ್ತೆ ಹಸಿರಾಯಿತು. ಕಟ್ಟಿಯವರು ಹೇಳಿದ್ದೇ ಸರಿಯಾಯಿತು. ದಾನಮ್ಮ ತನ್ನ ಕೈಯಾರೆ ದಿನಚರಿಯಲ್ಲಿ ರೋಗ ಮರುಕಳಿಸಿದೆ ಎಂದು ಬರೆದಳು.

ಆ ಸಂಜೆ ಅವಳು ಮನೆಗೆ ಹೋಗುವಷ್ಟರಲ್ಲಿ ಅಡುಗೆಮನೆಯಲ್ಲಿ ಅತ್ತೆ ಕಾಶೀಬಾಯಿಗೂ ಮಗಳು ಶಾರ್ವರಿಗೂ ಜಟಾಪಟಿ ನಡೆದಿತ್ತು. ಶಾರ್ವರಿ ಚಹಾದ ಲೋಟವನ್ನು ದೂರ ಸರಿಸಿ ಕೂತಿದ್ದಳು. ಹಾಲು ಕೆಟ್ಟಿದೆ ಎಂಬುದು ಅವಳ ತಕರಾರು. ದಾನಮ್ಮ ಬಾಗಿಲಲ್ಲೇ ನಿಂತಿದ್ದರೂ ವಾಸನೆ ಮೂಗಿಗೆ ಬಡಿಯಿತು. ಕಾಶೀಬಾಯಿಗೆ ಮಾತ್ರ ಏನೂ ಗೊತ್ತಾಗಿರಲಿಲ್ಲ. ಮೂರು ವರ್ಷದ ಹಿಂದೆ ದೊಡ್ಡ ನೆಗಡಿಯೊಂದು ಅವಳ ಮೂಗಿನ ಶಕ್ತಿಯನ್ನೆಲ್ಲ ಒಯ್ದಿತ್ತು, ಅದನ್ನು ಒಪ್ಪಿಕೊಳ್ಳಲು ಆಕೆ ಇನ್ನೂ ತಯಾರಿರಲಿಲ್ಲ.

"ಮೂವತ್ತು ವರ್ಷ ಈ ಮನ್ಯಾಗ ಹಾಲ ಕಾಸೇನಿ. ನನಗ ವಾಸನಿ ಬರವಲ್ದು ಅಂದ ಮ್ಯಾಲ ಹಾಲ ಛಲೋ ಐತಿ ಅಂತ ಅರ್ಥ," ಎಂದಳು ಕಾಶೀಬಾಯಿ.

ತನ್ನ ಮಾತಿಗೆ ರುಜುವಾತು ಎಂಬಂತೆ ಲೋಟವನ್ನೆತ್ತಿ ಅರ್ಧ ಕುಡಿದೇಬಿಟ್ಟಳು. ದಾನಮ್ಮ ಉಳಿದದ್ದನ್ನು ಕಸಿದು ಬಚ್ಚಲಿಗೆ ಚೆಲ್ಲಿದಳು. ಅತ್ತೆಗೆ ಸಿಟ್ಟು ಬಂತು, ಊಟಕ್ಕೆ ಏಳಲಿಲ್ಲ. ಮನೆಯಲ್ಲಿ ಇಂಥದ್ದು ಆಗಾಗ ನಡೆಯುತ್ತಿದ್ದುದರಿಂದ ದಾನಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಪಾತ್ರೆ ತೊಳೆದಳು.

ಗುರುವಾರ ಬೆಳಿಗ್ಗೆ ಕೇಂದ್ರದ ಗೇಟಿನಲ್ಲಿ ಲಾಲಸಾಬ ನಿಂತಿದ್ದ. ಗುಲಾಬಿಗೆ ಮತ್ತೆ ಜ್ವರ ಬಂದದ್ದು ಅವನ ಕಿವಿಗೆ ಬಿದ್ದಿತ್ತು. ತನ್ನದೊಂದು ತಪ್ಪಾಗಿದೆ, ಹೇಳಿಬಿಡಬೇಕು ಎಂದ. ಸೋಮವಾರ ಕಾವಲುಗಾರ ಊಟಕ್ಕೆ ಹೋದಾಗ ಅವನು ಹಿಂದಿನ ಗೋಡೆಯ ಮುರುಕಿನಿಂದ ಒಳಗೆ ಬಂದಿದ್ದ. ಕುದುರೆ ವಾರದಿಂದ ರೊಟ್ಟಿ ಮುಟ್ಟಿಲ್ಲ ಎಂಬ ಸುದ್ದಿ ಕೇಳಿ ಅವನಿಂದ ತಡೆಯಲಾಗಿರಲಿಲ್ಲ.

"ಎರಡ ರೊಟ್ಟಿ ಕೊಟ್ಟೇನ್ರಿ ಬಾಯಾರ. ನಾ ಕಡದ ಕೊಟ್ಟೆ, ಗಪಗಪ ತಿಂತು. ಹಿಂದಿನ ದಿನದ ರೊಟ್ಟಿ ಇದ್ದವು, ಹುಳಿ ಬಂದಿದ್ದವೋ ಏನೋ," ಎಂದ. "ರೊಟ್ಟಿ ಕೆಟ್ಟಿದ್ದಕ್ಕ ಜ್ವರಾ ಬಂದೈತಿ. ಅದಕ್ಕ ನನಗ ಏನರ ಶಿಕ್ಷಾ ಮಾಡ್ರಿ, ಉಳದ ಕುದುರಿಗೋಳನ್ನ ಕೊಲ್ಲಬ್ಯಾಡ್ರಿ."

ದಾನಮ್ಮ ಮೊದಲು ರೇಗಿದಳು. ಬಯ್ಯಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿದಳು. ಸೋಮವಾರ ರೊಟ್ಟಿ, ಬುಧವಾರ ಜ್ವರ. ಅಂದರೆ ರೋಗ ಒಳಗೆ ಅಡಗಿ ಕೂತಿರಲಿಲ್ಲ, ಹೊರಗಿನಿಂದ ಹೊಸದಾಗಿ ಬಂದಿತ್ತು. ಹುಳಿ ರೊಟ್ಟಿಗೆ ರಕ್ತದಲ್ಲಿ ಬ್ಯಾಕ್ಟೀರಿಯಾ ಏಳುವುದಿಲ್ಲ. ರೊಟ್ಟಿಯನ್ನು ಮೊದಲು ಮುಟ್ಟಿದ್ದು ಲಾಲಸಾಬನ ಬಾಯಿ. ಆದರೆ ಲಾಲಸಾಬನ ರಕ್ತ ಮನುಷ್ಯನ ಕಣ್ಣಿನಲ್ಲಿ ಕಪ್ಪಗೇ ಇತ್ತಲ್ಲ? ಹಾಗೆ ಕೇಳಿಕೊಂಡ ಕ್ಷಣ ಅವಳಿಗೆ ಹಿಂದಿನ ಸಂಜೆಯ ಅತ್ತೆಯ ಮಾತು ನೆನಪಾಯಿತು. ವಾಸನೆ ಬರಲಿಲ್ಲ, ಆದ್ದರಿಂದ ಹಾಲು ಚೆನ್ನಾಗಿದೆ. ನಾನೂರು ಜನರ ವಿಷಯದಲ್ಲಿ ತಾನೂ ಅದನ್ನೇ ಹೇಳಿ ಸಹಿ ಹಾಕಿದ್ದಳು.

ಅವಳು ಲಾಲಸಾಬನನ್ನು ಒಳಗೆ ಕೂರಿಸಿ ರಕ್ತ ತೆಗೆದಳು. ತನ್ನ ರಕ್ತವನ್ನೂ ಒಂದು ಹನಿ ತೆಗೆದಳು. ಎರಡನ್ನೂ ಕುದುರೆಯ ಕಣ್ಣಿಗೆ ಹಾಕಲು ಹೊರಟರೆ ತಟ್ಟೆಯನ್ನಿಡುವ ಯಂತ್ರ ಒಪ್ಪಲಿಲ್ಲ. ಮಾದರಿ ಮನುಷ್ಯನದೆಂದು ಬರೆದ ಕೂಡಲೆ ಕುದುರೆಯ ಕಣ್ಣಿನ ಮುಚ್ಚಳ ಬಿಗಿದುಕೊಳ್ಳುತ್ತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ದಾನಮ್ಮ ಮೊದಲ ಬಾರಿಗೆ ಸುಳ್ಳು ದಾಖಲೆ ಬರೆದಳು. ಹೆಸರು ಲಾಲಸಾಬ ನದಾಫ, ಪ್ರಾಣಿ ಕುದುರೆ, ಬಣ್ಣ ಕಂದು. ತನ್ನದಕ್ಕೂ ಹಾಗೇ ಬರೆಯುವಾಗ ಬಣ್ಣದ ಜಾಗದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ನಲವತ್ತು ನಿಮಿಷದ ಮೇಲೆ ನೋಡಿದರೆ ದಾನಮ್ಮನ ತಟ್ಟೆ ಕಪ್ಪಗಿತ್ತು. ಲಾಲಸಾಬನ ತಟ್ಟೆಯಲ್ಲಿ ಕುದುರೆಯ ಕಣ್ಣು ಹಸಿರಾಗಿ ಉರಿಯುತ್ತಿತ್ತು.

ಮಧ್ಯಾಹ್ನದೊಳಗೆ ಶೀತಪೆಟ್ಟಿಗೆಯಲ್ಲಿದ್ದ ಹಳೆಯ ಮಾದರಿಗಳನ್ನೆಲ್ಲ ಅವಳು ಕುದುರೆಗಳನ್ನಾಗಿ ಮಾಡಿದ್ದಳು. ನಾನೂರರಲ್ಲಿ ಎಪ್ಪತ್ತೆರಡು ಬೆಳಗಿದವು.

ಕಾರಣ ಹಿಡಿಯುವುದು ಕಷ್ಟವಾಗಲಿಲ್ಲ. ಇಂಥ ಬ್ಯಾಕ್ಟೀರಿಯಾದ ಹೊದಿಕೆಯ ಕೊಬ್ಬಿಗೆ ಸಾಮಾನ್ಯವಾಗಿ ಆರು ಎಳೆಗಳಿರುತ್ತವೆ. ಮನುಷ್ಯನ ಗ್ರಾಹಕ ಆರೆಳೆ ಸಿಕ್ಕಾಗಲೇ ಮುಚ್ಚಿಕೊಂಡು ಕೂಗುತ್ತದೆ. ಈ ಹೊಸ ತಳಿಗೆ ನಾಲ್ಕೇ ಎಳೆ. ಮನುಷ್ಯನ ಗ್ರಾಹಕದಲ್ಲಿ ಅದು ಸಡಿಲವಾಗಿ ಕೂತು, ಬೇರೆಯದಕ್ಕೂ ಜಾಗ ಕೊಡದೆ, ಸದ್ದಿಲ್ಲದೆ ಇರುತ್ತಿತ್ತು. ಕುದುರೆಯ ಗ್ರಾಹಕದ ಗೂಡು ತುಸು ಬೇರೆ ಆಕಾರದ್ದು, ಅದಕ್ಕೆ ನಾಲ್ಕೆಳೆಯೂ ಸಾಕು. ಕುದುರೆ ಗುರುತಿಸಿತು, ಜ್ವರ ತರಿಸಿಕೊಂಡಿತು, ನಾಲ್ಕು ದಿನದಲ್ಲಿ ರೋಗಾಣುವನ್ನು ಸುಟ್ಟು ಹಾಕಿತು. ಮನುಷ್ಯ ಏನೂ ತಿಳಿಯದೆ ಅದನ್ನು ವಾರಗಟ್ಟಲೆ ಸಾಕಿ, ಪಕ್ಕದವರಿಗೂ ಹಂಚಿ, ರಕ್ತ ತುಂಬಿ ತುಳುಕಿದ ದಿನ ಕುಳಿತಲ್ಲೇ ಸತ್ತ. ಕುದುರೆಗಳು ಜನರಿಗೆ ರೋಗ ಕೊಟ್ಟಿರಲಿಲ್ಲ. ಜನ ಕೊಟ್ಟ ರೋಗವನ್ನು ಅವು ರೊಟ್ಟಿಯೊಂದಿಗೆ ತಿಂದಿದ್ದವು.

ಕಟ್ಟಿಯವರು ಎಪ್ಪತ್ತೆರಡು ತಟ್ಟೆಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಮೈಮೇಲೆ ನೀರು ಬಿದ್ದವರ ಹಾಗೆ ಎದ್ದು ಫೋನು ಹಚ್ಚಿದರು. ಸಮಿತಿಯವರು ಸುಲಭಕ್ಕೆ ಬಗ್ಗಲಿಲ್ಲ. ನಿಯಮ ಮೀರಿ ಮಾಡಿದ ಪರೀಕ್ಷೆಯನ್ನು ಹೇಗೆ ನಂಬುವುದು ಎಂದರು, ಕುದುರೆಯೆಂದು ಬರೆದ ಮನುಷ್ಯರ ಹೆಸರು ಓದಿ ಒಬ್ಬರು ನಕ್ಕರು. ದಾನಮ್ಮ ಗುಲಾಬಿಯ ಜ್ವರದ ನಕ್ಷೆಯನ್ನು ಪರದೆಯ ಮೇಲಿಟ್ಟು, ರೊಟ್ಟಿ ತಿಂದ ಗಳಿಗೆಯನ್ನು ತೋರಿಸಿದಳು. ಅಲ್ಲಿಗೆ ನಗು ನಿಂತಿತು. ಸಂಜೆ ಐದಕ್ಕೆ ಆದೇಶ ರದ್ದಾಯಿತು.

ಐದೂಕಾಲಿಗೆ ಕರಿಗನಾಳದಿಂದ ಉತ್ತರ ಬಂತು. ಅಲ್ಲಿ ಗುಂಡಿ ತೋಡುವ ಯಂತ್ರಕ್ಕೆ ಶನಿವಾರ ಬೇರೆ ಕೆಲಸವಿತ್ತಂತೆ. ಹೀಗಾಗಿ ಬುಧವಾರವೇ ಹನ್ನೊಂದು ಕುದುರೆಗಳ ಕೆಲಸ ಮುಗಿಸಿದ್ದರು. ನೀವು ಹೇಳಿದ ದಿನಕ್ಕಿಂತ ಮೂರು ದಿನ ಮೊದಲೇ ಮಾಡಿದ್ದೇವೆ ಎಂದು ಅಲ್ಲಿನ ಅಧಿಕಾರಿ ಹೆಮ್ಮೆಯಿಂದ ಬರೆದಿದ್ದ. ದಾನಮ್ಮ ಅದನ್ನು ಓದಿ ಕುರ್ಚಿಯಲ್ಲಿ ಕುಳಿತಳು. ಅವಳಿಗೆ ನಾಚಿಕೆಯಾಯಿತು. ಅರವತ್ತಮೂರು ಉಳಿದವಲ್ಲ ಎಂದು ಕಟ್ಟಿಯವರು ಸಮಾಧಾನ ಹೇಳಿದರು.

ಮುಂದಿನ ತೊಂದರೆ ಮಾತ್ರೆಯದು. ರೋಗಾಣು ಹಳೆಯ ಮಾತ್ರೆಗಳಿಗೇ ಸಾಯುತ್ತಿತ್ತು, ಆದರೆ ಇಪ್ಪತ್ತೊಂದು ದಿನ ನುಂಗಬೇಕು. ತಲೆನೋವಿಲ್ಲ, ಮೈ ಬಿಸಿಯಿಲ್ಲ, ಹಸಿವೆ ಚೆನ್ನಾಗಿದೆ ಎನ್ನುವವನಿಗೆ ಮಾತ್ರೆ ನುಂಗಿಸುವುದು ಹೇಗೆ? ಮೊದಲ ದಿನ ಲಾಲಸಾಬನೇ ನಕ್ಕು, ಗುಲಾಬಿಗೆ ಕೊಡಿರಿ, ಜ್ವರ ಬಂದಿರುವುದು ಅವಳಿಗೆ ಎಂದ. ನಿನ್ನ ಬಾಯಿ ಶುದ್ಧವಾಗುವವರೆಗೆ ಅವಳಿಗೆ ಜ್ವರ ಬರುತ್ತಲೇ ಇರುತ್ತದೆ ಎಂದು ದಾನಮ್ಮ ಹೇಳಿದ ಮೇಲೆ ಕೈಚಾಚಿದ. ಟಾಂಗಾದವರೆಲ್ಲ ಒಂದು ದಿನವೂ ತಪ್ಪಿಸದೆ ನುಂಗಿದರು. ಕುದುರೆ ಸಾಕದ ಮಂದಿ ಮಾತ್ರೆಯನ್ನು ಕಪಾಟಿನಲ್ಲಿ ಇಟ್ಟು ಮರೆತರು, ಅವರಲ್ಲಿ ಇನ್ನಿಬ್ಬರು ಸತ್ತರು. ಆಮೇಲೆ ಜನ ಮನೆಯ ಮುಂದೆ ಟಾಂಗಾ ನಿಲ್ಲಿಸಿಕೊಂಡು, ಮಕ್ಕಳ ಎಂಜಲು ರೊಟ್ಟಿಯನ್ನು ಕುದುರೆಗೆ ಹಾಕಿ ಜ್ವರ ಬರುತ್ತದೋ ನೋಡತೊಡಗಿದರು. ಕೇಂದ್ರದವರು ಹಾಗೆ ಮಾಡಬೇಡಿರೆಂದು ಡಂಗುರ ಹೊಡೆಸಬೇಕಾಯಿತು. ಮನೆಯಲ್ಲಿ ಕಾಶೀಬಾಯಿ ತಾನೂ ರಕ್ತ ಕೊಡುತ್ತೇನೆಂದು ಹಟ ಹಿಡಿದು ಕೊಟ್ಟಳು, ತಟ್ಟೆಯ ಕಣ್ಣು ಕಪ್ಪಗೆ ಬಂದದ್ದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಕರಿಗನಾಳಕ್ಕೆ ದಾನಮ್ಮ ತಾನೇ ಹೋದಳು. ಬೇರೆಯವರನ್ನು ಕಳಿಸೋಣ ಎಂದು ಕಟ್ಟಿಯವರು ಹೇಳಿದರೂ ಕೇಳಲಿಲ್ಲ. ಆ ಊರಲ್ಲಿ ಕುದುರೆಗಳನ್ನು ಕೊಂದ ಮೇಲೆ ಹತ್ತು ದಿನದಲ್ಲಿ ನಾಲ್ಕು ಜನ ತೀರಿಕೊಂಡಿದ್ದರು. ಜ್ವರ ಬಂದು ಸುಳಿವು ಕೊಡಲು ಅಲ್ಲಿ ಒಂದು ಪ್ರಾಣಿಯೂ ಉಳಿದಿರಲಿಲ್ಲ. ಸಂತೆಕಟ್ಟೆಯ ಮೇಲೆ ಮೇಜು ಹಾಕಿ, ಮೊದಲು ಕುದುರೆ ಸಾಕಿದ್ದ ಹನ್ನೊಂದು ಜನರ ರಕ್ತ ತೆಗೆದಳು. ಅವರಿಗೆ ವಿಷಯವನ್ನು ಬಿಡಿಸಿ ಹೇಳಿದಳು. ವರದಿ ತನ್ನದೇ, ಸಹಿ ತನ್ನದೇ ಎಂಬುದನ್ನೂ ಮುಚ್ಚಿಡಲಿಲ್ಲ. ಯಾರೂ ಬಯ್ಯಲಿಲ್ಲ, ಕಲ್ಲೆಸೆಯಲಿಲ್ಲ. ತಮ್ಮ ತಟ್ಟೆ ಯಾವುದೆಂದು ಕೇಳಿಕೊಂಡು ಕಟ್ಟೆಯ ಮೇಲೆ ಕಾಯುತ್ತ ಕೂತರು.

ಏಳು ತಟ್ಟೆ ಬೆಳಗಿದವು. ಏಳನೆಯದು ಯಮನಪ್ಪ ಎಂಬವನದು. ಸಂತೆಗೆ ಉಪ್ಪು, ಈರುಳ್ಳಿ ಹೊತ್ತು ತರುವ ಗಾಡಿಯವನು, ಗಟ್ಟಿಮುಟ್ಟಾದ ಆಳು. ದಾನಮ್ಮ ಮಾತ್ರೆಯ ಪೊಟ್ಟಣ ಕೊಟ್ಟು, ಊಟವಾದ ಮೇಲೆ ಎರಡು ಹೊತ್ತು ಎಂದಳು. ಅವನು ಪೊಟ್ಟಣವನ್ನು ನೋಡಲಿಲ್ಲ. ಮೇಜಿನ ಮೇಲಿನ ತಟ್ಟೆಯನ್ನೇ ನೋಡುತ್ತಿದ್ದ.

"ಈ ಹಸರ ಬೆಳಕು ನನ್ನ ರಕ್ತದ್ದೇನ್ರಿ?"

ಹೌದೆಂದಳು.

"ಹಂಗಾರ ನನ್ನ ಕುದುರಿಗೆ ಬಂದಿದ್ದು ನನ್ನ ಜ್ವರಾ."

"ಹೌದ್ರಿ, ನಿಮ್ಮದ," ಎಂದಳು ದಾನಮ್ಮ.

ಯಮನಪ್ಪ ತನ್ನ ಹಣೆಯ ಮೇಲೆ ಅಂಗೈಯಿಟ್ಟು ನೋಡಿಕೊಂಡ. ಹಣೆ ತಣ್ಣಗೇ ಇದ್ದಿರಬೇಕು. ಕೈ ತೆಗೆದು ಪೊಟ್ಟಣವನ್ನು ಎತ್ತಿಕೊಂಡ.

"ಹಗ್ಗಾ ಹಾಕ್ತೀವಿ ಅಂತ ಅಧಿಕಾರಿಗೋಳು ಬಂದಿದ್ರು. ನಾನ ಬ್ಯಾಡ ಅಂದೆ," ಎಂದ. "ಗುಂಡಿ ತನಕ ನಾ ಮುಂದ ನಡದೆ, ಜ್ವರದಾಗ ಅದು ನನ್ನ ಬೆನ್ನ ಹಿಂದ ಬಂತು."